ಕಾಲಾ ಘೋಡಾದ ಬೀದಿಯಲ್ಲಿ ಚಿತ್ರದ ಸಂತೆ

ಮುಂಬಯಿಯ ಕೋಟೆ ಭಾಗದಲ್ಲಿ ದುಡಿಯುವ ನಮ್ಮ ಹೋಟೆಲು ಬಂಧುಗಳಿಗೂ ಗುಮಾಸ್ತ ಮಿತ್ರರಿಗೂ ಕಾಲಾ ಘೋಡಾ ಎಂದರೆ ಬಸ್ಸಿನಿಂದ ಇಳಿಯುವ ಒಂದು ಗುರುತು, ಅಷ್ಟೇ. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ಆಂಗ್ಲ ಯುವರಾಜನನ್ನು ಹೊತ್ತು ನಿಂತಿದ್ದ ಕಪ್ಪು ಕುದುರೆಯಿಂದ ಆ ಹೆಸರು ಬಂದಿತು. 1965ರಲ್ಲಿ ಪ್ರತಿಮೆಯನ್ನು ಬೈಕುಲಾದ ಜೀಜಾಮಾತಾ ಉದ್ಯಾನಕ್ಕೆ ಸಾಗಿಸಿದರು. ಅರಸನೂ ಹೋದ, ಕುದುರೆಯೂ ಹೋಯಿತು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. 2017ರಲ್ಲಿ ಅಲ್ಲಿಗೆ ಮತ್ತೊಂದು ಕಪ್ಪು ಕುದುರೆ ಬಂದಿದೆ. ಇದರ ಬೆನ್ನ ಮೇಲೆ ಸವಾರನಿಲ್ಲ. ನಮಗಂತೂ ಅದು ಒಪ್ಪಿಗೆಯೇ.

ಪಕ್ಕದ ರಾಂಪಾರ್ಟ್ ರೋ ಎಂಬ ಚಿಕ್ಕ ಬೀದಿಯ ಹೆಸರಿನಲ್ಲಿ ಹಳೆಯ ಕೋಟೆಗೋಡೆಯ ನೆನಪಿದೆ. ಗೋಡೆಯನ್ನು 1860ರ ದಶಕದಲ್ಲಿಯೇ ಕೆಡವಿದರು. ಹತ್ತಿರದಲ್ಲಿ 1870ರ ಡೇವಿಡ್ ಸಸೂನ್ ಗ್ರಂಥಾಲಯ, 1952ರಲ್ಲಿ ತೆರೆದ ಜಹಾಂಗೀರ್ ಕಲಾ ಗ್ಯಾಲರಿ. ಇಷ್ಟೆಲ್ಲ ಇದ್ದೂ ಆ ಬೀದಿ ಮೋಟಾರುಗಳಿಗೆ ಮೀಸಲಾಗಿತ್ತು. 1998ರಲ್ಲಿ ಕಾಲಾ ಘೋಡಾ ಅಸೋಸಿಯೇಷನ್ ಹುಟ್ಟಿ, 1999ರಿಂದ ಕಲೋತ್ಸವ ಆರಂಭವಾಯಿತು. ವರ್ಷದಲ್ಲಿ ಒಂಬತ್ತು ದಿನ ಬೀದಿಯೇ ಚಿತ್ರಶಾಲೆಯಾಗುತ್ತದೆ. ಪ್ರವೇಶಕ್ಕೆ ಹಣವಿಲ್ಲ. ಒಂಬತ್ತು ದಿನ ಕಳೆದೊಡನೆ ಮೋಟಾರುಗಳು ಮರಳುತ್ತವೆ. ವಾಹನ ತಡೆದರೆ ವ್ಯಾಪಾರ ಕೆಡುತ್ತದೆಂಬ ವಾದವನ್ನು ನಾವು ಬಲ್ಲೆವು. ನಾವೂ ಹೋಟೆಲು ನಡೆಸಿದವರೇ. ಆದರೆ ನಮ್ಮಲ್ಲಿ ಚಹಾ ಕುಡಿದವರು ನಡೆದು ಬಂದ ಮನುಷ್ಯರು, ಮೋಟಾರುಗಳಲ್ಲ.

ಗಲ್ಲೆಯ ಮೇಲೆ ಕುಳಿತಿದ್ದ ಕಾಲದ ಒಂದು ಸಂಗತಿ ಹೇಳಬೇಕು. ಒಂದು ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಮಾಣಿಯೊಬ್ಬನನ್ನು ಜಹಾಂಗೀರ್ ಗ್ಯಾಲರಿ ನೋಡಿ ಬಾರೆಂದು ಕಳುಹಿಸಿದೆವು. ಹುಡುಗ ಉಡುಪಿ ಕಡೆಯವನು. ಬಿಲ್ಲಿನ ಹಿಂಬದಿಯಲ್ಲಿ ಗೆರೆ ಎಳೆಯುತ್ತ ಕೂರುವವನು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇದೇ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ದೇಶಕ್ಕೇ ದೊಡ್ಡ ಕಲಾವಿದರಾದುದನ್ನು ಅವನಿಗೆ ಹೇಳಿದ್ದೆವು.

ಅವನು ಸಂಜೆಯ ಗಿರಾಕಿಗಳ ಹೊತ್ತಿಗೆ ಮರಳಿದ.

“ಒಳಗೆ ಹೋಗಲಿಲ್ಲ ಧಣಿಗಳೇ, ನನ್ನ ಅಂಗಿ ನೋಡಿ ಯಾರಾದರೂ ಏನಾದರೂ ಕೇಳಿಯಾರೆಂದು ಹೆದರಿದೆ. ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ಇಟ್ಟುಕೊಂಡು ಕೂತಿದ್ದರು. ಅದನ್ನೇ ನೋಡಿದೆ.”

ಎರಡು ಗಂಟೆ ಅವನು ಅಲ್ಲಿಯೇ ನಿಂತಿದ್ದನಂತೆ. ಚಿತ್ರಗಾರರೊಬ್ಬರು ಬಣ್ಣ ಬೆರೆಸುವ ಕ್ರಮವನ್ನೂ ತೋರಿಸಿಕೊಟ್ಟರಂತೆ. ಗ್ಯಾಲರಿಗೂ ಟಿಕೆಟಿರಲಿಲ್ಲ, ಅವನನ್ನು ತಡೆದುದು ಬಾಗಿಲು. ಫುಟ್‌ಪಾತಿಗೆ ಬಾಗಿಲೆಂಬುದೇ ಇಲ್ಲ.

ಮುಂದಿನ ವಾರ ನಾವೇ ಅವನನ್ನು ಕರೆದುಕೊಂಡು ಒಳಗೆ ಹೋದೆವು. ಕಾವಲುಗಾರ ತಲೆಯೆತ್ತಿ ಕೂಡ ನೋಡಲಿಲ್ಲ.