ನವಲಗುಂದದ ಜಮಖಾನವೂ ಜಾಲತಾಣವೂ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಎರೆಹೊಲಗಳ ನಡುವೆ, ನವಲಗುಂದವೆಂಬ ಊರಿದೆ. ಅಲ್ಲಿಯ ಹತ್ತಿಯ ಜಮಖಾನದ ಹೆಸರನ್ನು ಧಾರವಾಡ ಸೀಮೆಯಲ್ಲಿ ಕೇಳದವರು ವಿರಳ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಂಗಸರೇ ಇದನ್ನು ನೇಯುತ್ತಾರೆ. ಪಗಡೆಯ ಹಾಸು, ನವಿಲು, ಚೌಕ ಕೋನಗಳ ಆಕೃತಿಗಳು ಅದರ ಗುರುತು. ಆದಿಲಶಾಹಿಗಳ ಕಾಲದಲ್ಲಿ ಬಿಜಾಪುರದಿಂದ ವಲಸೆ ಬಂದ ಮನೆತನಗಳು ಈ ಕಸುಬನ್ನು ಇಲ್ಲಿಗೆ ತಂದವೆಂದು ಪ್ರತೀತಿ. 2011ರಲ್ಲಿ ಈ ಹೆಸರು ಭೌಗೋಳಿಕ ಸೂಚಕವಾಗಿ ನೋಂದಣಿಯಾಯಿತು. ಎಂದರೆ, ಬೇರೆಡೆ ತಯಾರಾದ ಸರಕಿಗೆ ಆ ಹೆಸರನ್ನು ಅಂಟಿಸಿ ಮಾರುವುದನ್ನು ಕಾನೂನು ಒಪ್ಪುವುದಿಲ್ಲ.

ಆದರೆ ಕಾನೂನು ಗಿರಾಕಿಯನ್ನು ಕರೆತರಲಾರದು. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಇರುವ ಒಬ್ಬಾತನು ಜಮಖಾನ ಕೊಳ್ಳಬೇಕೆಂದು ಮೊಬೈಲಿನಲ್ಲಿ ಹುಡುಕಿದಾಗ ಗಿರಣಿಯ ಅಗ್ಗದ ಹಾಸುಗಳೇ ಮೊದಲು ಕಂಡರೆ, ಕೈಮಗ್ಗದ ಮುಂದೆ ವಾರಗಟ್ಟಲೆ ಕುಳಿತ ದುಡಿಮೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಇಂದು ಈ ಕಸುಬನ್ನು ಬಲ್ಲ ಕೈಗಳು ಕೆಲವೇ ಆಗಿರುವುದರಿಂದ ಇದು ಸಣ್ಣ ಮಾತಲ್ಲ. ಅಂಥ ಚಿಕ್ಕ ಉದ್ಯಮಕ್ಕೆ ಒಂದು ಜಾಲತಾಣ ಹೇಗಿರಬೇಕು? ಸೊಗಸಿನ ವಿಚಾರವನ್ನು ಬದಿಗಿಟ್ಟು, ಇದರ ಹಿಂದಿರುವ ವಿಜ್ಞಾನವನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲನೆಯದು ತೂಕ. ಜಾಲತಾಣಕ್ಕೂ ತೂಕವುಂಟೇ ಎಂದು ವಾಚಕರು ಕೇಳಬಹುದು. ಉಂಟು, ಅದನ್ನು ಬೈಟುಗಳಲ್ಲಿ ಅಳೆಯುತ್ತಾರೆ. ಮೊಬೈಲಿನ ಕ್ಯಾಮೆರಾ 4000 ಬಿಂದು ಅಗಲ, 3000 ಬಿಂದು ಎತ್ತರದ ಚಿತ್ರವನ್ನು ತೆಗೆಯಿತೆನ್ನೋಣ. ಒಟ್ಟು ಬಿಂದುಗಳು 1 ಕೋಟಿ 20 ಲಕ್ಷ. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದರಂತೆ ಪ್ರತಿಯೊಂದು ಬಿಂದುವಿಗೂ 3 ಬೈಟು ಬೇಕಾದುದರಿಂದ ಚಿತ್ರದ ತೂಕ 3 ಕೋಟಿ 60 ಲಕ್ಷ ಬೈಟು. ಕ್ಯಾಮೆರಾ ಅದನ್ನು ಹತ್ತರಲ್ಲೊಂದು ಪಾಲಿಗೆ ಕುಗ್ಗಿಸಿತೆಂದರೂ ಉಳಿಯುವುದು 36 ಲಕ್ಷ. ಒಂದು ಬೈಟಿಗೆ 8 ಬಿಟ್ಟುಗಳು. ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ಸೆಕೆಂಡಿಗೆ 10 ಲಕ್ಷ ಬಿಟ್ಟುಗಳು ಹರಿಯುತ್ತಿದ್ದರೆ ಈ ಒಂದು ಚಿತ್ರ ಬರಲು ಸುಮಾರು 29 ಸೆಕೆಂಡು ಹಿಡಿಯುತ್ತದೆ; ಅಂಥ ನಾಲ್ಕು ಚಿತ್ರಗಳಿಗೆ ಎರಡು ನಿಮಿಷ. ಅಷ್ಟು ಹೊತ್ತು ಕಾಯುವ ಗಿರಾಕಿ ಯಾರು? ಅದೇ ಚಿತ್ರವನ್ನು ಮೊಬೈಲಿನ ಪರದೆಗೆ ಸಾಕಾಗುವ 1200×900 ಬಿಂದುಗಳಿಗೆ ಇಳಿಸಿ, 2 ಲಕ್ಷ ಬೈಟುಗಳಿಗೆ ಕುಗ್ಗಿಸಿದರೆ ಎರಡು ಸೆಕೆಂಡಿನೊಳಗೆ ಅದು ಕಣ್ಣ ಮುಂದಿರುತ್ತದೆ.

ಹೀಗೆ ಕುಗ್ಗಿಸುವ ವಿದ್ಯೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲುಂಟು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಓದಿ, ಮುಂದೆ ಅಮೆರಿಕೆಯಲ್ಲಿ ನೆಲೆಸಿದ ನಾಸಿರ್ ಅಹಮದ್ ಅವರು 1972ರಲ್ಲಿ ಒಂದು ಹೊಸ ಗಣಿತಕ್ರಮವನ್ನು ಯೋಚಿಸಿದರು. ಅದರ ಅಧ್ಯಯನಕ್ಕೆ ಅವರು ಕೇಳಿದ ಧನಸಹಾಯ ಸಿಗಲಿಲ್ಲ. ಆದರೂ ಕೆಲಸವನ್ನು ಬಿಡದೆ, ನಟರಾಜನ್ ಮತ್ತು ರಾವ್ ಎಂಬ ಇಬ್ಬರು ಸಹೋದ್ಯೋಗಿಗಳೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. 1992ರಲ್ಲಿ ರೂಪುಗೊಂಡ ಜೆಪೆಗ್ ಎಂಬ ಚಿತ್ರಪದ್ಧತಿಗೆ ಈ ಕ್ರಮವೇ ಬುನಾದಿ.

ಇದರ ಮರ್ಮವನ್ನು ತಿಳಿಯಲು ನವಲಗುಂದದಿಂದ ನೆರೆಯ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಊರಿಗೆ, ಹೋಗಬೇಕು. ತಂಬೂರಿಯ ತಂತಿಯನ್ನು ಮೀಟಿದಾಗ ಒಂದು ಮೂಲಸ್ವರವೂ ಅದರ ಬೆನ್ನಿಗೆ ಅನೇಕ ಉಪಸ್ವರಗಳೂ ಹೊರಡುತ್ತವೆ. ತೀರ ಮೇಲಿನ, ತೀರ ಕ್ಷೀಣವಾದ ಉಪಸ್ವರಗಳು ಇಲ್ಲವಾದರೆ ಸಾಮಾನ್ಯ ಕಿವಿಗೆ ಗೊತ್ತಾಗದು. ಚಿತ್ರವೂ ಹಾಗೆಯೇ. ಅದನ್ನು 8×8, ಅಂದರೆ 64 ಬಿಂದುಗಳ ಪುಟ್ಟ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕವನ್ನೂ ನಿಧಾನವಾಗಿ ಬದಲಾಗುವ ಛಾಯೆಗಳು ಮತ್ತು ಚುರುಕಾಗಿ ಬದಲಾಗುವ ಛಾಯೆಗಳು ಎಂದು ಬೇರ್ಪಡಿಸುತ್ತಾರೆ. ಚುರುಕಾದವುಗಳಲ್ಲಿ ಕ್ಷೀಣವಾದುದನ್ನು ಕೈಬಿಟ್ಟರೆ ಕಣ್ಣು ಅದನ್ನು ಗಮನಿಸುವುದಿಲ್ಲ. ಮೇಲಾಗಿ ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದು; ಆದ್ದರಿಂದ ಬಣ್ಣದ ವಿವರವನ್ನು ಉದ್ದಗಲಗಳೆರಡರಲ್ಲಿಯೂ ಅರ್ಧಕ್ಕಿಳಿಸುವ ರೂಢಿಯೂ ಇದೆ.

ಮುಖ, ಆಕಾಶ, ಹೊಲಗಳ ಚಿತ್ರಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಜಮಖಾನವಾದರೋ ಬೇರೆ ಜಾತಿಯದು! ಅಲ್ಲಿ ಕೆಂಪಿನ ಪಕ್ಕಕ್ಕೇ ನೀಲಿ, ನಡುವೆ ಮೆಲ್ಲನೆಯ ಛಾಯೆಯೇ ಇಲ್ಲ. ಪಗಡೆಯ ಮನೆಗಳ ಅಂಚು ಕತ್ತರಿಸಿದಂತಿರುತ್ತದೆ. ಅಂಚೆಂದರೆ ಚುರುಕಾದ ಬದಲಾವಣೆಯೇ ತಾನೆ? ವಿಪರೀತ ಕುಗ್ಗಿಸಿದಾಗ ಮೊದಲು ಕೆಡುವುದು ಅದೇ. ಅಂಚಿನ ಸುತ್ತ ಮಸುಕಾದ ಅಲೆಗಳೇಳುತ್ತವೆ, ಒಂದು ಬಣ್ಣ ಇನ್ನೊಂದಕ್ಕೆ ಇಳಿದಂತೆ ತೋರುತ್ತದೆ. ಬಣ್ಣ ಬಿಡುವ ನೂಲಿನಿಂದ ನೇಯ್ದಿದ್ದಾರೆಂದು ಗಿರಾಕಿ ತಪ್ಪು ತಿಳಿದರೆ ಆಶ್ಚರ್ಯವಿಲ್ಲ. ಆದುದರಿಂದ ಇಡೀ ಜಮಖಾನದ ಒಂದು ಹಗುರವಾದ ಚಿತ್ರವನ್ನೂ, ಒಂದು ಮೂಲೆಯನ್ನು ಹತ್ತಿರದಿಂದ ತೆಗೆದು ಕಡಿಮೆ ಕುಗ್ಗಿಸಿದ ಇನ್ನೊಂದನ್ನೂ ಕೊಡುವುದು ಮೇಲೆಂದು ನಮ್ಮ ಅಭಿಪ್ರಾಯ. ಹಾಸು ಹೊಕ್ಕುಗಳ ಬಿಗಿಯೂ, ಕೈನೇಯ್ಗೆಯ ಸಣ್ಣ ಏರುಪೇರೂ ಈ ಎರಡನೆಯದರಲ್ಲಿ ಕಾಣುತ್ತವೆ. ಗಿರಣಿಯ ಸರಕಿಗೂ ಇದಕ್ಕೂ ಇರುವ ಅಂತರಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಚಿತ್ರವನ್ನು ಹಗಲಿನ ನೆರಳಿನಲ್ಲಿ ತೆಗೆಯಬೇಕು. ಹಳದಿ ದೀಪದ ಕೆಳಗೆ ನೀಲಿಯು ಕಂದುತ್ತದೆ.

ಇನ್ನು ಅಕ್ಷರಗಳ ವಿಚಾರ. ಮುದ್ರಣಾಲಯದಲ್ಲಿ ಅಚ್ಚಾದ ಬಣ್ಣದ ಕರಪತ್ರವನ್ನೇ ಚಿತ್ರವಾಗಿ ಜಾಲತಾಣಕ್ಕೆ ಏರಿಸಿ ಕೈತೊಳೆದುಕೊಳ್ಳುವ ಪದ್ಧತಿಯೊಂದಿದೆ. ಇದು ಅಂಗಡಿಯ ಫಲಕವನ್ನು ಗೋಡೆಗೆ ಮುಖಮಾಡಿ ತೂಗುಹಾಕಿದಂತೆ. ಕಣ್ಣಿಗೆ ಅಕ್ಷರವಾಗಿ ಕಾಣುವುದು ಯಂತ್ರಕ್ಕೆ ಬರಿಯ ಬಣ್ಣದ ಬಿಂದುಗಳು. ಹುಡುಕುವ ಯಂತ್ರಗಳು ಪುಟಗಳನ್ನು ಮುಂಚಿತವಾಗಿಯೇ ಓದಿ, ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದ ಎಲ್ಲಿದೆಯೆಂದು ಬರೆದಿಟ್ಟುಕೊಳ್ಳುತ್ತವೆ. ಚಿತ್ರದೊಳಗಿನ ಬರಹ ಆ ಸೂಚಿಯನ್ನು ಸೇರುವುದೆಂಬ ಭರವಸೆಯಿಲ್ಲ. ಹಳೆಯ ‘ನುಡಿ’ ಅಕ್ಷರಕ್ರಮದಲ್ಲಿ ಬೆರಳಚ್ಚಿಸಿದುದನ್ನು ನಕಲಿಸಿ ಹಾಕುವುದೂ ಅಷ್ಟೇ ನಿಷ್ಫಲ. ಆ ಕ್ರಮದಲ್ಲಿ ಲ್ಯಾಟಿನ್ ಲಿಪಿಯ ಸಂಖ್ಯೆಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸಿರುವುದರಿಂದ ಬೇರೆಯವರ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಸಂಕೇತಗಳ ರಾಶಿಯಾಗುತ್ತದೆ.

ಯೂನಿಕೋಡ್ ಈ ತೊಡಕನ್ನು ಬಿಡಿಸಿತು. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ದೊರೆತವು; ‘ನ’ ಅಕ್ಷರದ ಸಂಖ್ಯೆ 3240. ಜಾಲದಲ್ಲಿ ಬಳಕೆಯಲ್ಲಿರುವ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ‘ನವಲಗುಂದ’ ಎಂಬ ಪದದಲ್ಲಿ ಕೊಂಬು, ಸೊನ್ನೆಗಳೂ ಸೇರಿ 7 ಸಂಕೇತಗಳು, ಒಟ್ಟು 21 ಬೈಟು. ಲಕ್ಷಗಟ್ಟಲೆ ಬೈಟುಗಳ ಚಿತ್ರವೊಂದು ಹೇಳಲಾರದ್ದನ್ನು 21 ಬೈಟುಗಳು ಹೇಳುತ್ತವೆ!

ಹಾಗಾದರೆ ಏನನ್ನು ಬರೆಯಬೇಕು? ಅಂಗಡಿಯ ಕಟ್ಟೆಯ ಮೇಲೆ ಗಿರಾಕಿ ಕೇಳುವುದನ್ನೇ. ಉದ್ದ ಎಷ್ಟು ಅಡಿ, ಅಗಲ ಎಷ್ಟು? ಬೆಲೆಯೇನು? ಒಗೆದರೆ ಬಣ್ಣ ಹೋಗುತ್ತದೆಯೇ? ಹೇಳಿ ಮಾಡಿಸಿದರೆ ಎಷ್ಟು ದಿನ? ದೂರವಾಣಿ ಸಂಖ್ಯೆ ಪುಟದ ತಲೆಯಲ್ಲಿಯೇ ಇದ್ದು, ಮುಟ್ಟಿದೊಡನೆ ಕರೆ ಹೋಗಬೇಕು. ಜಮಖಾನ, ಜಮಖಾನೆ, ಜಮಖಾನಾ ಎಂದು ಜನ ಮೂರು ಬಗೆಯಾಗಿ ಬರೆಯುವುದರಿಂದ ಮೂರೂ ರೂಪಗಳು ಸಹಜವಾದ ವಾಕ್ಯಗಳಲ್ಲಿ ಬಂದಿರಲಿ. ಭೌಗೋಳಿಕ ಸೂಚಕವನ್ನು ಬಳಸಲು ಅಧಿಕೃತವಾಗಿ ನೋಂದಾಯಿಸಿಕೊಂಡ ನೇಕಾರರಾದರೆ ಆ ಸಂಗತಿಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಮಿಣುಕುವ ಅಕ್ಷರ, ತಾನಾಗಿ ಮೊಳಗುವ ಸಂಗೀತಗಳು ಬೈಟುಗಳನ್ನು ನುಂಗುತ್ತವೆಯೇ ಹೊರತು ಇವುಗಳಲ್ಲಿ ಒಂದು ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಕೈಯಿಂದ ನೇಯ್ದ ಜಮಖಾನ ಒಂದರಂತೆ ಇನ್ನೊಂದಿರದಾದುದರಿಂದ, ಮಾರಾಟವಾದುದರ ಚಿತ್ರದ ಕೆಳಗೆ ಹಾಗೆಂದು ಅದೇ ದಿನ ಬರೆಯುವುದೂ ಅಗತ್ಯ.

ಸರಕು ಬದಲಾದರೆ ಪ್ರಶ್ನೆಗಳೂ ಬದಲಾಗುತ್ತವೆ. ಅಣ್ಣಿಗೇರಿಯ ಮೆಣಸಿನಕಾಯಿಯ ವರ್ತಕನನ್ನು ಈ ವರ್ಷದ ಬೆಳೆಯೋ ಕಳೆದ ವರ್ಷದ್ದೋ ಎಂದು ಕೇಳುತ್ತಾರೆ. ಅವನ ಪುಟದಲ್ಲಿ ದಿನಾಂಕವೇ ಮುಖ್ಯ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಮಾರುವವರು ಅದರ ಚಿತ್ತಾರವನ್ನು ಎಷ್ಟು ಚೆನ್ನಾಗಿ ತೋರಿಸಿದರೂ, ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ಕುಳಿತ ಅಜ್ಜಿಯೊಬ್ಬಳು ಮೊದಲು ವಿಚಾರಿಸುವುದು ಅದು ತನ್ನ ಮನೆಯ ಬಾಗಿಲಿನಲ್ಲಿ ಹಿಡಿಯುತ್ತದೆಯೇ ಎಂದು.