ಮೂವತ್ತೈದರಲ್ಲಿ ಒಂದು ಪಾಲಿನ ಶಕ್ತಿಮಾನ್

ಪ್ಲಾಸ್ಟಿಕ್ ಮಾಡೆಲ್ ಕಿಟ್ ಮಾರುವ ಯಾವ ಮಳಿಗೆಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಹಿಟ್ಲರನ ಟೈಗರ್ ಟ್ಯಾಂಕ್. ಪಕ್ಕದಲ್ಲಿ ಪ್ಯಾಂಥರ್, ಅದರಾಚೆ ಅಮೆರಿಕದ ಶರ್ಮನ್, ರಷ್ಯದ ಟಿ-34. ನಮ್ಮ ಸೈನ್ಯದ ಲಾರಿ ಶಕ್ತಿಮಾನ್ ಇದೆಯೇ ಎಂದು ಕೇಳಿದರೆ, ದೂರದರ್ಶನದ ಧಾರಾವಾಹಿಯ ಗೊಂಬೆ ಕೇಳುತ್ತಿದ್ದಾರೇನೋ ಎಂಬಂತೆ ಅಂಗಡಿಯವರು ಮುಖ ನೋಡುತ್ತಾರೆ.

ಹಾಸನ, ಕೊಡಗು, ಬೆಳಗಾವಿಯ ಕಡೆ ಸೈನ್ಯಕ್ಕೆ ಹೋಗಿ ಬಂದವರ ಮನೆಗಳಲ್ಲಿ ವಿಚಾರಿಸಿದರೆ ಲೆಕ್ಕ ತಿರುವುಮುರುವು. ಟ್ಯಾಂಕಿನೊಳಗೆ ಕೂತವರು ಅಲ್ಲೊಬ್ಬರು ಇಲ್ಲೊಬ್ಬರು. ಲಾರಿ ಓಡಿಸಿದವರು, ಲಾರಿಯ ಅಡಿ ಮಲಗಿ ಗ್ರೀಸ್ ಮೆತ್ತಿಕೊಂಡವರು, ಸೇತುವೆ ಕಟ್ಟಿದವರು, ತಂತಿ ಎಳೆದವರು, ಸಾವಿರ ಜನಕ್ಕೆ ರೊಟ್ಟಿ ಬೇಯಿಸಿದವರೇ ಹೆಚ್ಚು. ಇವರ ಯುದ್ಧ ಸಿನಿಮಾದಲ್ಲಿ ಬರುವುದಿಲ್ಲ, ಕಿಟ್‌ಗಳ ಪೆಟ್ಟಿಗೆಯ ಮೇಲೂ ಬರುವುದಿಲ್ಲ. ಹಾಗಾಗಿ ಮನೆಯ ಹಿರಿಯರ ನೆನಪಿಗೆ ಅವರ ವಾಹನದ ಮಾಡೆಲ್ ಕಟ್ಟಬೇಕೆಂದು ಹೊರಟವರು ಕತ್ತರಿ ಹಿಡಿಯುವ ಮೊದಲು ಪತ್ತೇದಾರಿಕೆ ಕಲಿಯಬೇಕಾಗುತ್ತದೆ.

ಈ ರೂಢಿ ಹೊಸದಲ್ಲ. ಬ್ರಿಟನ್, ಅಮೆರಿಕಗಳ ಹವ್ಯಾಸಿಗಳು ಅಪ್ಪ ಓಡಿಸಿದ ಜೀಪು, ಅಜ್ಜ ಇದ್ದ ಟ್ಯಾಂಕು ಎಂದು ದಶಕಗಳಿಂದ ಕಟ್ಟುತ್ತಿದ್ದಾರೆ. ಇಲ್ಲಿ ಬಿಟಿಎಂ ಲೇಔಟಿನ ಎರಡನೇ ಹಂತದ ಬಾಡಿಗೆ ಮನೆಯೊಂದರಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗ ಅದೇ ಕೆಲಸಕ್ಕೆ ಕೂತಿದ್ದಾನೆ. ಹಗಲೆಲ್ಲ ಕಂಪ್ಯೂಟರ್ ಮುಂದೆ, ರಾತ್ರಿ ಊಟದ ಮೇಜಿನ ಮುಂದೆ. ಈ ಹವ್ಯಾಸಕ್ಕೆ ಬೇಕಾದ್ದು ಮೂರೇ: ಒಂದು ಮೇಜು, ಒಂದು ಒಳ್ಳೆಯ ದೀಪ, ಥಿನ್ನರ್ ವಾಸನೆ ಸಹಿಸುವ ಮನೆಯವರು. ಮೂರನೆಯದು ಬಿಟಿಎಂ ಮಾತ್ರವಲ್ಲ, ಎಲ್ಲ ಕಡೆಯೂ ದುರ್ಲಭ. ನೀರಿನಲ್ಲಿ ಕರಗುವ ಆಕ್ರಿಲಿಕ್ ಬಣ್ಣ ಬಂದ ಮೇಲೆ ಜಗಳ ಸ್ವಲ್ಪ ತಗ್ಗಿದೆ.

ಅಳತೆಯ ಕಥೆ ತಮಾಷೆಯಾಗಿದೆ. ಸೈನ್ಯದ ವಾಹನಗಳ ಮಾಡೆಲ್‌ಗಳಲ್ಲಿ ಅತಿ ಹೆಚ್ಚು ಚಾಲ್ತಿಯಲ್ಲಿರುವುದು 1/35, ಅಂದರೆ ನಿಜವಾದ ವಾಹನದ ಮೂವತ್ತೈದರಲ್ಲಿ ಒಂದು ಪಾಲು. ಇಂಥ ವಿಚಿತ್ರ ಸಂಖ್ಯೆ ಯಾಕೆ? ಜಪಾನಿನ ಶಿಜುವೊಕಾದ ತಮಿಯಾ ಕಂಪನಿ, ಮೂಲತಃ ಮರದ ವ್ಯಾಪಾರದವರು, 1960ರ ದಶಕದ ಆರಂಭದಲ್ಲಿ ಮೋಟರ್ ಹಾಕಿ ಓಡಿಸುವ ಪ್ಯಾಂಥರ್ ಟ್ಯಾಂಕಿನ ಕಿಟ್ ತಂದರು. ಒಳಗೆ ಬ್ಯಾಟರಿ ಸೆಲ್ಲು, ಮೋಟರು ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು 1/35 ಆಗಿತ್ತು. ಯಾವ ಯುದ್ಧಶಾಸ್ತ್ರವೂ ಅಲ್ಲ, ಸೆಲ್ಲಿನ ಗಾತ್ರ ತೀರ್ಮಾನಿಸಿದ ಅಳತೆ ಇಂದು ಜಗತ್ತಿನ ಅಳತೆ. ವಿಮಾನಗಳಿಗೆ ಒಗ್ಗಿದ 1/72ಕ್ಕಾದರೂ ಒಂದು ಲೆಕ್ಕವಿದೆ: ಆರಡಿ ಆಳು ಅದರಲ್ಲಿ ಸರಿಯಾಗಿ ಒಂದು ಇಂಚು.

1/35ರಲ್ಲಿ ಐದೂವರೆ ಅಡಿಯ ಚಾಲಕ ಐದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ವಿಲ್ಲಿಸ್ ಜೀಪು ಒಂಬತ್ತೂವರೆ ಸೆಂಟಿಮೀಟರ್. ಫಿರಂಗಿ ಸೇರಿಸಿ ಸೆಂಚುರಿಯನ್ ಟ್ಯಾಂಕು 28 ಸೆಂಟಿಮೀಟರ್, ಅಂದರೆ ಶೋಕೇಸಿನ ಒಂದು ಅಂಕಣ ಪೂರ್ತಿ ಅದಕ್ಕೇ ಬೇಕು. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪಿದಂತೆ. ಬಾನೆಟ್ ಅಷ್ಟು ಎತ್ತರವಾದರೆ ಲಾರಿ ಓಡಿಸಿದವರ ಕಣ್ಣಿಗೆ ತಕ್ಷಣ ಕುಟುಕುತ್ತದೆ.

ಪತ್ತೇದಾರಿಕೆಗೆ ಬರೋಣ. ಹಿರಿಯರು ಇದ್ದರೆ ಅವರನ್ನೇ ಕೇಳಬಹುದು ಎಂದುಕೊಂಡರೆ ಅದು ಅರ್ಧ ನಿಜ. "ಯುದ್ಧ ಹೇಗಿತ್ತು?" ಎಂಬ ಪ್ರಶ್ನೆಗೆ ಸೈನ್ಯದಲ್ಲಿದ್ದವರು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ಮಾತು ಬೇರೆ ಕಡೆ ತಿರುಗುತ್ತದೆ, ಇಲ್ಲವೇ ಕಾಫಿ ಬರುತ್ತದೆ. ಆಗ ನೆರವಿಗೆ ಬರುವುದು ಪೆಟ್ಟಿಗೆಯ ತಳದಲ್ಲಿರುವ ಪದಕಗಳು. 1965ರಲ್ಲಿ ಕದನದ ಪ್ರದೇಶದಲ್ಲಿ ಇದ್ದವರಿಗೆ ಸಮರ ಸೇವಾ ಸ್ಟಾರ್. 1971ರಲ್ಲಿ ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. 1947–48ರವರಾದರೆ ಜನರಲ್ ಸರ್ವಿಸ್ ಮೆಡಲಿನ ರಿಬ್ಬನ್ ಮೇಲೆ ಜಮ್ಮು ಮತ್ತು ಕಾಶ್ಮೀರ ಎಂಬ ಪಟ್ಟಿ. ದುಂಡು ಪದಕವಾದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ನಂಬರು, ಹೆಸರು, ದಳ ಅಲ್ಲಿ ಕೊರೆದಿರುತ್ತದೆ. ಡಿಸ್ಚಾರ್ಜ್ ಪುಸ್ತಕ ಉಳಿದಿದ್ದರೆ ಇನ್ನೂ ಒಳ್ಳೆಯದು. ಯಾವ ಗಡಿ, ಯಾವ ದಳ ಎಂದು ತಿಳಿದರೆ ಯಾವ ವಾಹನ ಎಂಬುದು ಅರ್ಧ ತಿಳಿದಂತೆ.

ಇಲ್ಲೊಂದು ಕಡೆ ಹವ್ಯಾಸಿಗಳ ಜೊತೆ ನನ್ನ ತಕರಾರಿದೆ. ಅಜ್ಜ 1971ರ ಯುದ್ಧದಲ್ಲಿದ್ದರು ಎಂದು ಗೊತ್ತಾದ ಕೂಡಲೇ ಸೆಂಚುರಿಯನ್ ಕಿಟ್ ತಂದು, ಅದರ ಮೇಲೆ 'ಫಮಗುಸ್ತಾ' ಎಂದು ಬರೆದುಬಿಡುತ್ತಾರೆ. ಅದು ಬಸಂತರ್ ಕದನದಲ್ಲಿ, 1971ರ ಡಿಸೆಂಬರ್ 16ರಂದು ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಟ್ಯಾಂಕು. ಇಪ್ಪತ್ತೊಂದು ವರ್ಷದ ಹುಡುಗ, ಪರಮವೀರ ಚಕ್ರ. ಆ ಟ್ಯಾಂಕನ್ನು ಕಟ್ಟುವುದು ಅವರಿಗೆ ಸಲ್ಲುವ ಗೌರವ, ಬೇಡವೆನ್ನುವವರಾರು? ಆದರೆ ಅಜ್ಜ ರೇಷನ್ ಲಾರಿಯಲ್ಲಿದ್ದರೆ ಅಜ್ಜನಿಗೆ ಬೇರೊಬ್ಬರ ಅಂಗಿ ತೊಡಿಸಿದ ಹಾಗಾಯಿತು.

ಕಾಶ್ಮೀರದ ಜೋಜಿಲಾ ಕಥೆ ನೋಡಿ. 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಆ ಕಣಿವೆದಾರಿಯಲ್ಲಿ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ನುಗ್ಗಿದವು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರುತ್ತದೆಂದು ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ಮುಂದಿನ ಟ್ಯಾಂಕಿನಲ್ಲಿ ಡಿವಿಷನ್ನಿನ ಕಮಾಂಡರ್ ಸ್ವತಃ ಕೂತಿದ್ದರು: ನಮ್ಮ ಮಡಿಕೇರಿಯ ಮೇಜರ್ ಜನರಲ್ ಕೊಡಂದೇರ ತಿಮ್ಮಯ್ಯ. ಅದೇ ತಿಂಗಳಲ್ಲಿ ಕಾರ್ಗಿಲ್ ಮರಳಿ ಕೈಸೇರಿ ಲೇಹ್‌ನ ದಾರಿ ತೆರೆಯಿತು. ಸ್ಟುವರ್ಟ್ ಹಗುರ ಟ್ಯಾಂಕು, 1/35ರಲ್ಲಿ ಅಂಗೈ ಮೇಲೆ ನಿಲ್ಲುತ್ತದೆ, ಕಿಟ್ ಸುಲಭವಾಗಿ ಸಿಗುತ್ತದೆ. ಕಟ್ಟುವವರು ಹಿಮ ಸುರಿದು, ಮೇಲೆ ತಿಮ್ಮಯ್ಯನವರನ್ನು ನಿಲ್ಲಿಸುತ್ತಾರೆ.

ಅದಕ್ಕೂ ಮೊದಲಿನ ವಾರಗಳ ಕಥೆ ನನಗೆ ಹೆಚ್ಚು ಇಷ್ಟ. ಜಮ್ಮು ಕಡೆಯಿಂದ ಶ್ರೀನಗರಕ್ಕೆ ಬರುವ ದಾರಿಯ ಸೇತುವೆಗಳು ಟ್ಯಾಂಕಿನ ಭಾರ ತಾಳುವಂತಿರಲಿಲ್ಲ. ಹಾಗಾಗಿ ಮೇಲಿನ ಗೋಪುರ ಬಿಚ್ಚಿ, ಬೇರೆಯಾಗಿ ಸಾಗಿಸಿ, ಗುಟ್ಟು ಹೊರಬೀಳದಂತೆ ಮುಚ್ಚಿಕೊಂಡು ತಂದರು. ಕಣಿವೆದಾರಿಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ನಡೆಯುವ ಜಾಡು ಮಾತ್ರ ಇತ್ತು. ಅದನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, 1780ರಿಂದ ಇರುವ ದಳ, ಅವರ ಕೇಂದ್ರ ನಮ್ಮ ಹಲಸೂರು ಕೆರೆಯ ದಂಡೆಯಲ್ಲಿದೆ. ಆ ದಳದಲ್ಲಿದ್ದವರ ಮೊಮ್ಮಕ್ಕಳು ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿದ್ದಾರೆ. ಅವರು ಕಟ್ಟಬೇಕಾದ್ದು ಟ್ಯಾಂಕನ್ನಲ್ಲ, ರಸ್ತೆಯನ್ನು. ಬಂಡೆ, ಹಾರೆ, ಪಿಕಾಸಿ, ಕಂಬಳಿ ಹೊದ್ದ ಆಳು. ಗೋಪುರವಿಲ್ಲದ ಸ್ಟುವರ್ಟ್ ಒಂದು ಟಾರ್ಪಾಲಿನ್ ಹೊದ್ದು ಮರದ ಸೇತುವೆ ದಾಟುವ ದೃಶ್ಯ ಕಟ್ಟಿದರೆ ನಾನು ಬಸ್ಸು ಹತ್ತಿ ಹೋಗಿ ನೋಡಿ ಬರುತ್ತೇನೆ.

ಅಂದಹಾಗೆ ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಂಗಳದಲ್ಲಿ ಟ್ಯಾಂಕೂ ಇದೆ, ಆದರೆ ಅದು ಜೋಜಿಲಾದ ಪುಟ್ಟ ಸ್ಟುವರ್ಟ್ ಅಲ್ಲ, ನಂತರದ ಕಾಲದ ದೊಡ್ಡದು. ಚಕ್ರ, ಸರಪಳಿ, ಬೆಸುಗೆಯ ಗುರುತುಗಳನ್ನು ಹತ್ತಿರದಿಂದ ನೋಡಿ ಕಲಿಯಲು ಅದೂ ಸಾಕು. ದಂಡು ಪ್ರದೇಶದ ಬೇಲಿಯಾಚೆ ನಿಂತ ವಾಹನಗಳ ಫೋಟೋ ತೆಗೆಯಲು ಹೋಗಬೇಡಿ, ನಿಷೇಧವಿದೆ.

ಇನ್ನು ನಮ್ಮ ಹುಡುಗನ ಲಾರಿ. ಅವನ ತಾತ, ಅಂದರೆ ನಮ್ಮ ದೊಡ್ಡಪ್ಪ, ಸೈನ್ಯದ ಸರಬರಾಜು ದಳವಾದ ಎಎಸ್‌ಸಿಯಲ್ಲಿ ಡ್ರೈವರ್. ಪೆಟ್ಟಿಗೆಯಲ್ಲಿದ್ದದ್ದು ಪೂರ್ವಿ ಸ್ಟಾರ್. 1971ರ ಮಳೆಗಾಲದಲ್ಲಿ ತ್ರಿಪುರಾದ ಧರ್ಮನಗರದ ರೈಲು ನಿಲ್ದಾಣದಿಂದ ಅಗರ್ತಲಾ ಕಡೆಗೆ, ಬೆಟ್ಟದ ತಿರುವುಗಳಲ್ಲಿ ಲಾರಿಗಳ ಸಾಲು ಎಡೆಬಿಡದೆ ಹರಿಯಿತು. ಡಿಸೆಂಬರಿನಲ್ಲಿ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ 4ನೇ ಕೋರ್ ಮೇಘನಾ ನದಿ ದಾಟಿ ಢಾಕಾದತ್ತ ಹೋದದ್ದನ್ನು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಆ ಸೈನ್ಯ ತಿಂದ ಅಕ್ಕಿ, ಹಾರಿಸಿದ ಗುಂಡು, ಸುಟ್ಟ ಡೀಸೆಲ್ ಮೊದಲು ಈ ದಾರಿಯಲ್ಲಿ ಬಂದಿತ್ತು.

ತಾತ ಓಡಿಸಿದ ಶಕ್ತಿಮಾನ್ ಜರ್ಮನಿಯ ಮಾನ್ ಕಂಪನಿಯ ವಿನ್ಯಾಸ. 1950ರ ದಶಕದ ಕೊನೆಗೆ ಒಪ್ಪಂದವಾಗಿ ಜಬಲ್ಪುರದಲ್ಲಿ ತಯಾರಾಗತೊಡಗಿ, 1990ರ ದಶಕದವರೆಗೆ ಸೈನ್ಯದ ಬೆನ್ನೆಲುಬಾಗಿತ್ತು. ದುಂಡು ಮೂತಿ, ಮುಂದೆ ಚಾಚಿದ ಬಾನೆಟ್. ದೊಡ್ಡ ಕಂಪನಿಗಳ ಕಿಟ್ ಕೈಗೆ ಸಿಗದ ಮೇಲೆ ಉಳಿದ ದಾರಿ, ಹವ್ಯಾಸಿಗಳು ಸ್ಕ್ರಾಚ್ ಬಿಲ್ಡ್ ಅನ್ನುವುದು: ಬಿಳಿ ಸ್ಟೈರೀನ್ ಹಾಳೆ ಕತ್ತರಿಸಿ ಮೊದಲಿನಿಂದ ಕಟ್ಟುವುದು. ಚಕ್ರ, ಆಕ್ಸಲ್‌ಗಳನ್ನು ಬೇರೆ ಲಾರಿಯ ಕಿಟ್‌ನಿಂದ ಎರವಲು ತಂದ. ಬಾನೆಟ್‌ನ ದುಂಡಗಿನ ತಿರುವು ಹಾಳೆಯಲ್ಲಿ ಬರಲಿಲ್ಲವಾಗಿ ಕಂಪ್ಯೂಟರಿನಲ್ಲಿ ರೂಪಿಸಿ ತ್ರೀಡಿ ಪ್ರಿಂಟ್ ಮಾಡಿಸಿದ. ಬೆಂಗಳೂರಿನಲ್ಲಿ ಆ ಅನುಕೂಲ ಧಾರಾಳವಾಗಿದೆ. ವೈರು, ಸಣ್ಣ ಡ್ರಿಲ್ಲು, ಚಿಮಟಕ್ಕೆ ಎಸ್.ಪಿ. ರಸ್ತೆ ಇದ್ದೇ ಇದೆ.

ಅಂಟಿನ ಬಗ್ಗೆ ಒಂದು ಮಾತು. ಮಾಡೆಲ್‌ನ ತೆಳು ಅಂಟು ನಿಜಕ್ಕೂ ಅಂಟೇ ಅಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸುವ ದ್ರವ. ಎರಡು ತುಂಡು ಒತ್ತಿ ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ ಒಳಗೆ ಹರಿದು, ಎರಡನ್ನೂ ಕರಗಿಸಿ, ಒಂದೇ ತುಂಡು ಮಾಡಿ, ತಾನು ಆರಿಹೋಗುತ್ತದೆ. ಪ್ರಿಂಟ್ ಮಾಡಿದ ರೆಸಿನ್ನಿಗೆ ಇದು ಹಿಡಿಯುವುದಿಲ್ಲ, ಅದಕ್ಕೆ ಸೂಪರ್ ಗ್ಲೂ. ಸಂದಿ ಕಂಡಲ್ಲಿ ಪುಟ್ಟಿ, ಮೇಲೆ ಸ್ಯಾಂಡ್ ಪೇಪರ್, ಆಮೇಲೆ ಪ್ರೈಮರ್. ಹಿಂದಿನ ಟಾರ್ಪಾಲಿನ್ ಮಾಡಿದ್ದು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ. ಒದ್ದೆ ಇರುವಾಗಲೇ ಸೂಜಿಯಿಂದ ಮಡಿಕೆ ಎಬ್ಬಿಸಬೇಕು. ಒಣಗಿದ ಮೇಲೆ ಅದು ಕಾಗದವೆಂದು ಹೇಳಿದರೂ ನಂಬುವುದು ಕಷ್ಟ.

ಬಣ್ಣ ಆಲಿವ್ ಗ್ರೀನ್, ಆದರೆ ಡಬ್ಬಿಯಿಂದ ನೇರ ಹೊಡೆದರೆ ಪುಟ್ಟ ವಾಹನ ಕಪ್ಪಾಗಿ ಕಾಣುತ್ತದೆ. ಸ್ವಲ್ಪ ತಿಳಿ ಮಾಡಬೇಕು. ನಂತರ ಕೆಸರು. ಹವ್ಯಾಸಿಗಳು ನಿಜವಾದ ಮಣ್ಣನ್ನೇ ಜರಡಿ ಹಿಡಿದು ಹಾಕುತ್ತಾರೆ, ಇಲ್ಲಿ ನಮ್ಮವರು ಎಡವುವುದೂ ಇದೆ. ಬೆಂಗಳೂರಿನ ಕೆಂಪು ಮಣ್ಣನ್ನು ಬಸಂತರ್ ಕದನ ನಡೆದ ಶಕರ್‌ಗಢದಲ್ಲಿ ಕಾದಿದ ಟ್ಯಾಂಕಿಗೆ ಬಳಿದರೆ ಸುಳ್ಳು. ಅದು ಪಂಜಾಬಿನ ಬೂದುಗಂದು ಮೆಕ್ಕಲು ನೆಲ. ತ್ರಿಪುರಾದ ಬೆಟ್ಟಗಳದ್ದು ಕೆಂಪು ಮಣ್ಣೇ ಆದ್ದರಿಂದ ಈ ಲಾರಿಗೆ ಮಡಿವಾಳ ಕೆರೆಯ ಕಡೆ ಅಗೆದು ಬಿಟ್ಟ ರಸ್ತೆಯ ಧೂಳು ಸಾಕಾಯಿತು. ಬಿಟಿಎಂನಲ್ಲಿ ಅಗೆದ ರಸ್ತೆಗೇನು ಬರ?

ಚಿಕ್ಕ ಗುರುತುಗಳಲ್ಲೇ ವಾಹನ ನಿಜವಾಗುವುದು. ಸೈನ್ಯದ ನಂಬರ್ ಪ್ಲೇಟು ಮೇಲ್ಮುಖ ಬಾಣದಿಂದ ಶುರುವಾಗುತ್ತದೆ, ಅದರ ಮುಂದಿನ ಎರಡು ಅಂಕಿ ವಾಹನ ಸೈನ್ಯಕ್ಕೆ ಬಂದ ವರ್ಷ. 1971ರ ಲಾರಿಗೆ 78 ಎಂದು ಬರೆದರೆ ನೋಡಿದವರು ನಗುತ್ತಾರೆ. ಮುಂಭಾಗದ ಹಳದಿ ವೃತ್ತದೊಳಗಿನ ಸಂಖ್ಯೆ ಭಾರದ ದರ್ಜೆ. ಸೇತುವೆಯ ಬಳಿ ನಿಂತವನು ಅದನ್ನು ನೋಡಿಯೇ ಬಿಡಬೇಕೋ ತಡೆಯಬೇಕೋ ತೀರ್ಮಾನಿಸುತ್ತಾನೆ.

ಇಷ್ಟೆಲ್ಲ ಮಾಡಿ, ದಸರೆಗೆ ಊರಿಗೆ ಒಯ್ದು ಗೊಂಬೆಗಳ ಸಾಲಿನಲ್ಲಿ ಕೂರಿಸಿದ. ಪಟ್ಟದ ಗೊಂಬೆಗಳ ಕೆಳಗೆ, ಚನ್ನಪಟ್ಟಣದ ಎತ್ತಿನ ಗಾಡಿಯ ಪಕ್ಕ. ಆಯುಧಪೂಜೆಯ ದಿನ ಯಾರೋ ಅದಕ್ಕೂ ಒಂದು ಚುಕ್ಕೆ ಕುಂಕುಮ ಇಟ್ಟರು. ಯುದ್ಧದ ಮಾತು ಬಂದರೆ ಎದ್ದು ಹೋಗುತ್ತಿದ್ದ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಲಾರಿಯನ್ನು ಎತ್ತಿ, ಮೊದಲು ನೋಡಿದ್ದು ಅಡಿಭಾಗವನ್ನು.

"ಲೇ, ಹಿಂದಿನ ಆಕ್ಸಲ್ ಹೌಸಿಂಗ್ ಕರೀದ್ ಬಳ್ದಿದ್ದೀಯಲ್ಲೋ. ಅದು ಬಿಳೀದಿರ್ಬೇಕು."

"ಯಾಕ್ ತಾತ?"

"ಯಾಕೆ ಅಂದ್ರೆ? ರಾತ್ರಿ ಹೆಡ್‌ಲೈಟ್ ಹಾಕಂಗಿಲ್ಲ. ಅದ್ರ ಮೇಲೊಂದು ಸಣ್ಣ ಲೈಟು. ಮುಂದ್ಗಡೆ ಗಾಡೀದು ಆ ಬಿಳೀ ಗುಂಡು ನೋಡ್ಕೊಂಡೇ ಹಿಂದಿನೋನು ಹೋಗ್ಬೇಕು. ಕಾಣ್ಲಿಲ್ಲ ಅಂದ್ರೆ ಕಣಿವೇಗೆ ಹೋದೆ ಅಂತ್ಲೇ."

ಆ ಸಂಜೆ ದೊಡ್ಡಪ್ಪ ಅಷ್ಟು ವರ್ಷ ಆಡದಿದ್ದ ಮಾತನ್ನೆಲ್ಲ ಆಡಿದರು ಎಂದರೆ ಸುಳ್ಳಾಗುತ್ತದೆ. ಲಾರಿಯ ಬಗ್ಗೆ ಮಾತ್ರ ಆಡಿದರು. ಸ್ಟೆಪ್ನಿ ಇಲ್ಲದ ಗಾಡಿಯನ್ನು ಕಾನ್‌ವಾಯ್‌ಗೆ ಸೇರಿಸುತ್ತಿರಲಿಲ್ಲ ಎಂದರು. ನೀರಿನ ಕ್ಯಾನು ಯಾವ ಬದಿಗೆ ಕಟ್ಟುತ್ತಿದ್ದರು, ಕೆಸರಿನಲ್ಲಿ ಚಕ್ರದ ಕೆಳಗೆ ಏನು ಹಾಕುತ್ತಿದ್ದರು ಎಂದು ಹೇಳಿದರು. ಜೊತೆಗಿದ್ದ ಇನ್ನೊಬ್ಬ ಡ್ರೈವರಿನ ಹೆಸರು ಒಮ್ಮೆ ಬಂತು, ಮತ್ತೆ ಬರಲಿಲ್ಲ. ಹುಡುಗ ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡ. ಲಾರಿ ಈಗ ಮತ್ತೆ ಬಿಟಿಎಂನ ಊಟದ ಮೇಜಿನ ಮೇಲಿದೆ, ಹೌಸಿಂಗಿಗೆ ಬಿಳಿ ಬಣ್ಣದ ಎರಡನೇ ಕೋಟು ಬಿದ್ದಿದೆ, ಸ್ಟೆಪ್ನಿ ಇನ್ನೂ ಆಗಬೇಕು.