ಕೋವಿಯಲ್ಲಿ ಸಿಕ್ಕಿದ ಗುಂಡು ಎಳೆಯಲು ಅಳತೆಯ ಬಳೆ

ನಮ್ಮ ಬೂಕನಕೆರೆ ಕಡೆ ರಾಗಿ ತೆನೆ ಕಟ್ಟುವ ಹೊತ್ತಿಗೆ ರಾತ್ರಿ ಕಾವಲು ತಪ್ಪದು. ಅಪ್ಪನಿಂದ ಬಂದ ಕೇಪಿನ ಕೋವಿಗೆ ಬೆಳೆ ರಕ್ಷಣೆ ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. ಹಂದಿ ಬೆದರಿಸಲು ಮದ್ದು, ನಾರು ಎರಡೇ ಸಾಕು. ಆದರೂ ಹಳೇ ಅಭ್ಯಾಸ, ಒಂದು ಸೀಸದ ಗುಂಡನ್ನೂ ಹಾಕಿ ಗೋಡೆಗೆ ತೂಗು ಹಾಕಿದ್ದೆ. ತಪ್ಪು ನನ್ನದೇ.

2024ರ ಲೋಕಸಭೆ ಚುನಾವಣೆಗೆ ಮುಂಚೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ಈಡು ತುಂಬಿದ ಕೋವಿ ಕೊಡೋದು ಹೇಗೆ? "ಮೇಲಕ್ಕೆ ಹಾರಿಸಿಬಿಡು ಮಾವ" ಅಂದ ಪಕ್ಕದ ಹೊಲದ ಹುಡುಗ. ಮೇಲೆ ಹೋದ ಗುಂಡು ಯಾರದೋ ತಲೆ ಮೇಲೆ ಬೀಳಬಾರದಲ್ಲ! ಎಳೆದೇ ತೆಗೆಯೋಣ ಅಂತ ಪರಿಚಯದವರ ತಿರುಪು ತಂದು ಗಜಕ್ಕೆ ಸಿಕ್ಕಿಸಿದೆ. ಅದು ಅವರ ಕೋವಿ ಅಳತೆಯದು, ನನ್ನದಕ್ಕೆ ಸಣ್ಣ. ತಿರುಪು ಗುಂಡಿನ ಪಕ್ಕಕ್ಕೆ ಜಾರಿ ನಳಿಗೆಯ ಒಳಮೈ ಗೀರಿತು. ಗುಂಡು ಇನ್ನೂ ಬಿಗಿಯಾಯಿತು.

ಬಳೆ ಯಾಕೆ?

ಗುಂಡು ಎಳೆಯುವ ತಿರುಪು ಮರದ ತಿರುಪಿನಂತೆ ಚೂಪಾಗಿರುತ್ತದೆ. ಅದರ ಬುಡದಲ್ಲಿ ಹಿತ್ತಾಳೆ ಬಳೆ ಇರಬೇಕು. ಬಳೆ ನಳಿಗೆ ತುಂಬ ಕೂತರೆ ತಿರುಪು ಗುಂಡಿನ ನಡುಮಧ್ಯಕ್ಕೇ ಕಚ್ಚುತ್ತದೆ. ಬಳೆ ಸಣ್ಣದಾದರೆ ಓರೆ ಹೋಗುತ್ತದೆ, ದೊಡ್ಡದಾದರೆ ಅದೇ ಒಳಗೆ ಸಿಕ್ಕಿಕೊಳ್ಳುತ್ತದೆ. ಹೊರದೇಶಗಳಲ್ಲಿ ತೋಟೆ ತುಂಬಿಕೊಳ್ಳುವವರೂ ಗುಂಡು ಕೀಳಲು ಒಂದೊಂದು ಅಳತೆಗೆ ಒಂದೊಂದು ಸೀಳು ಬಳೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಕಾಲೆಟ್ ಅನ್ನುತ್ತಾರೆ. ಅದು ಗುಂಡನ್ನು ಹೊರಗಿನಿಂದ ಹಿಡಿಯುತ್ತದೆ, ನಮ್ಮದು ಒಳಗೆ ಕಚ್ಚುತ್ತದೆ. ಅಳತೆ ತಪ್ಪಿದರೆ ಎರಡೂ ಕೆಲಸಕ್ಕೆ ಬಾರವು.

ಮೊದಲು ನೀರು

ಬೇರೆ ಯಾವ ಕೆಲಸಕ್ಕೂ ಮುಂಚೆ ಕೇಪು ತೆಗೆಯಿರಿ. ಕೇಪು ಕೂರುವ ತೂತಿನಿಂದಲೂ ನಳಿಗೆ ಬಾಯಿಂದಲೂ ನೀರು ಬಿಟ್ಟು ಒಂದು ರಾತ್ರಿ ಇಡಿ. ಮದ್ದಿನಲ್ಲಿರುವ ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ. ಒಣಮದ್ದಿನ ಮೇಲೆ ಕಬ್ಬಿಣ ಆಡಿಸುವುದು ಅಪಾಯ. ನೆನೆದ ಮೇಲೂ ಬಾಯಿಗೆ ಮುಖ ಒಡ್ಡಬೇಡಿ.

ಅಳತೆ

ಕೋವಿಯ ನಂಬರ್ ಅಂದರೆ, ನಳಿಗೆಗೆ ಸರಿಹೊಂದುವ ಎಷ್ಟು ಸೀಸದ ಗುಂಡುಗಳು ಸೇರಿ ಒಂದು ಪೌಂಡ್ (454 ಗ್ರಾಂ) ತೂಗುತ್ತವೆ ಎಂಬ ಲೆಕ್ಕ. ಅದಕ್ಕೇ ನಂಬರ್ ಹೆಚ್ಚಾದಷ್ಟೂ ನಳಿಗೆ ಸಣ್ಣ. 12 ನಂಬರ್ ಸುಮಾರು 18.5 ಮಿ.ಮೀ., 16 ನಂಬರ್ 16.8, 20 ನಂಬರ್ 15.6. ಆದರೆ ಊರ ಕೋವಿಗಳಲ್ಲಿ ನಂಬರ್ ನಂಬಬೇಡಿ, ಅಳೆದೇ ನೋಡಿ. ತುದಿ ಸಣ್ಣಗೆ ಬುಡ ದಪ್ಪಗೆ ಒಂದು ಗೂಟ ಕೆತ್ತಿ ಬಾಯಿಗಿಟ್ಟು ತಿರುಗಿಸಿದರೆ ಗುರುತು ಬೀಳುತ್ತದೆ. ಆ ಜಾಗವನ್ನು ಲೇತ್ ಅಂಗಡಿಯವರು ವರ್ನಿಯರ್‌ನಲ್ಲಿ ಅಳೆದುಕೊಡುತ್ತಾರೆ. ನಾನು ಬಳೆಯನ್ನು ಅರ್ಧ ಮಿ.ಮೀ. ಕಡಿಮೆ ಮಾಡಿಸಿದೆ. ಅಂಗಡಿಗೆ ಗೂಟ, ಗಜ ಮಾತ್ರ ಒಯ್ಯಿರಿ, ಕೋವಿ ಬೇಡ. ಕೋವಿ ರಿಪೇರಿಗೆ ಲೈಸೆನ್ಸ್ ಇರುವವರೇ ಬೇಕು.

ಎಳೆಯುವುದು

ಒದ್ದೆ ಬಟ್ಟೆಯಿಂದ ನಳಿಗೆಯ ಮಸಿ ಒರೆಸಿ, ಮಸಿ ಇದ್ದರೆ ಸರಿ ಬಳೆಯೂ ಹಿಡಿಯುತ್ತದೆ. ಗಜ ತನ್ನ ಭಾರಕ್ಕೇ ಅಲುಗಾಡದೆ ಇಳಿದರೆ ಅಳತೆ ಸರಿ. ಗುಂಡಿಗೆ ತಾಗಿದ ಮೇಲೆ ಸ್ವಲ್ಪ ಒತ್ತಿ ತಿರುಗಿಸಿ, ಕಚ್ಚಿದ್ದು ಕೈಗೇ ಗೊತ್ತಾಗುತ್ತದೆ. ಗಜದ ತುದಿಗೆ ಅಡ್ಡಹಿಡಿ ಹಾಕಿ, ಪಕ್ಕದಲ್ಲಿ ನಿಂತು ನೇರ ಎಳೆಯಿರಿ. ಬಾರದಿದ್ದರೆ ಹಟ ಬೇಡ, ಲೈಸೆನ್ಸ್ ಇರುವ ರಿಪೇರಿಯವರಿಗೆ ಒಪ್ಪಿಸಿ. ನಾರು ತೆಗೆಯಲು ಈ ತಿರುಪಲ್ಲ, ಸುರುಳಿ ಮುಳ್ಳು ಬೇಕು. ಹೊರಬಂದ ಮದ್ದು ಒಣಗಿದರೆ ಮತ್ತೆ ಉರಿದೀತು, ಧಾರಾಳ ನೀರು ಹುಯ್ದು ತೊಳೆದುಬಿಡಿ. ಕೊನೆಗೆ ನಳಿಗೆಯನ್ನು ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ.

ನನ್ನ ಗುಂಡು ಎರಡನೇ ಎಳೆತಕ್ಕೆ ಬಂತು. ಒಳಗಿನ ಗೀರು ಮಾತ್ರ ಹಾಗೇ ಉಳಿದಿದೆ. ಈಗ ಗೋಡೆ ಮೇಲೆ ಖಾಲಿ ಕೋವಿ ತೂಗುತ್ತದೆ, ಮೊಮ್ಮಕ್ಕಳು ಓಡಾಡುವ ಮನೆ ನೋಡಿ.